ಕ್ರಯದ ಮೊತ್ತ ಅಚ್ಚು ಹಾಕಿದವರು

ಬೇತಮಂಗಲದ ನಮ್ಮ ಚಿಕ್ಕಪ್ಪ ಕಳೆದ ವರ್ಷ 1 ಎಕರೆ 10 ಗುಂಟೆ ಹೊಲ ಮಾರಿದರು. ಮಾರುವ ಮೊದಲು ಮೂರು ವಾರ ಒಂದೇ ಪ್ರಶ್ನೆ ಹಿಡಿದುಕೊಂಡು ಊರೆಲ್ಲ ಓಡಾಡಿದರು: ಪಕ್ಕದ ಹೊಲ ಎಷ್ಟಕ್ಕೆ ಹೋಯಿತು? ಬ್ರೋಕರ್ ಒಂದು ಮೊತ್ತ ಹೇಳಿದ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇನ್ನೊಂದು ಮೊತ್ತ ಕೇಳಿಬಂತು. ಮಾರಿದವರನ್ನೇ ಕೇಳಿದರೆ ಅವರು ಮೂರನೆಯದನ್ನು ಹೇಳಿದರು, ಮನೆಯಲ್ಲಿ ತಮ್ಮನಿಗೆ ಹೇಳಿದ್ದು ನಾಲ್ಕನೆಯದಂತೆ. ಕೊನೆಗೆ ನನಗೆ ಫೋನ್ ಮಾಡಿ, "ಹಳೇ ಪೇಪರು ಓದೋದೇ ನಿನ್ ಕೆಲಸ ಅಂತೀಯಲ್ಲಪ್ಪ, ಯಾವನು ಯಾವ ರೇಟಿಗೆ ಮಾರಿದ ಅನ್ನೋದು ಎಲ್ಲಾದ್ರೂ ಬರೆದಿಡ್ತಾರಾ ನೋಡು" ಅಂದರು.

ನನ್ನ ಸಂಶೋಧನೆ ಪತ್ರಿಕೆಗಳ ಚರಿತ್ರೆಯದು. ಬರೆದಿಡುತ್ತಾರೆ, ಆದರೆ ಆ ಬರಹ ಸುಳ್ಳು ಅಂತ ಅವರಿಗೆ ಹೇಳಬೇಕಾಯಿತು. ಅದು ಅವರಿಗೂ ಗೊತ್ತಿದ್ದ ಸಂಗತಿಯೇ.

ಬೇತಮಂಗಲವನ್ನು ಕಂಡಿರದವರಿಗೆ ಎರಡು ಮಾತು. ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆ ಇರುವ ಊರು ಇದು. ಶಾಸನಗಳಲ್ಲಿ ಇದರ ಹೆಸರು ವಿಜಯಾದಿತ್ಯಮಂಗಲ. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವೂ ಆಗಿತ್ತು. ರೈಲು ಬೌರಿಂಗ್‌ಪೇಟೆಯ ಮೇಲೆ, ಅಂದರೆ ಇವತ್ತಿನ ಬಂಗಾರಪೇಟೆಯ ಮೇಲೆ ಹೋಯಿತು. ಚಿನ್ನ ಕೆಜಿಎಫ್‌ನಲ್ಲಿ ಸಿಕ್ಕಿತು. ನಮ್ಮ ಪಾಲಿಗೆ ಉಳಿದದ್ದು ಗಣಿಯವರಿಗೆ ಕುಡಿಯುವ ನೀರು ಕಳಿಸುವ ಕೆಲಸ. ಈಗ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಬಂದಿದೆ. 2024ರ ಡಿಸೆಂಬರಿನಲ್ಲಿ ಹೊಸಕೋಟೆಯಿಂದ ಈ ಕಡೆಗೆ ಸುಮಾರು 70 ಕಿಲೋಮೀಟರ್ ಸಂಚಾರಕ್ಕೆ ತೆರೆದುಕೊಂಡಿತು. ಅದಕ್ಕೂ ಎಷ್ಟೋ ಮೊದಲೇ ರಾಗಿ ಹೊಲಗಳಲ್ಲಿ ಬಣ್ಣದ ಕಲ್ಲುಗಳು ಎದ್ದಿದ್ದವು, 30-40 ಸೈಟುಗಳ ಬೋರ್ಡುಗಳು ನಿಂತಿದ್ದವು.

ಸುಳ್ಳು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಜಮೀನು ಕೈ ಬದಲಾಗುವಾಗ ಕ್ರಯಪತ್ರದಲ್ಲಿ ಬರೆಯುವ ಮೊತ್ತ ಸಾಮಾನ್ಯವಾಗಿ ಸರ್ಕಾರದ ಮಾರ್ಗಸೂಚಿ ಬೆಲೆಯ ಅಕ್ಕಪಕ್ಕ ಇರುತ್ತದೆ. ಮಿಕ್ಕದ್ದು ಕೈಯಿಂದ ಕೈಗೆ. ಕೊಂಡವನಿಗೆ ಮುದ್ರಾಂಕ ಶುಲ್ಕ ಉಳಿಯುತ್ತದೆ, ಮಾರಿದವನಿಗೆ ಲೆಕ್ಕ ಕೊಡುವ ತಾಪತ್ರಯ ತಪ್ಪುತ್ತದೆ, ಇಬ್ಬರಿಗೂ ಲಾಭ ಎಂದೇ ಎಲ್ಲರೂ ತಿಳಿದಿರುತ್ತಾರೆ. ಆದರೆ ಹೆದ್ದಾರಿಗೆ ಭೂಸ್ವಾಧೀನ ಆಗುವಾಗ ಪರಿಹಾರ ಕಟ್ಟುವುದು 2013ರ ಭೂಸ್ವಾಧೀನ ಕಾಯ್ದೆಯ ಸೂತ್ರದ ಮೇಲೆ. ಮುದ್ರಾಂಕ ಕಾಯ್ದೆಯ ಪ್ರಕಾರದ ಬೆಲೆ ಒಂದು ಕಡೆ. ಹಿಂದಿನ 3 ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಮೊತ್ತದ ಅರ್ಧದಷ್ಟನ್ನು ತೆಗೆದುಕೊಂಡು ಮಾಡಿದ ಸರಾಸರಿ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಹೆಚ್ಚೋ ಅದು. ಅಂದರೆ ಊರಿನವರು ತಾವೇ ಕಡಿಮೆ ಬರೆಸಿದ ಮೊತ್ತಗಳು ತಿರುಗಿ ಬಂದು ಅವರ ಪರಿಹಾರದ ಅಳತೆಗೋಲಾಗುತ್ತವೆ. ನಿನ್ನೆ ಒಬ್ಬ ಉಳಿಸಿದ ಶುಲ್ಕವನ್ನು ಇವತ್ತು ಪಕ್ಕದ ಹೊಲದವನು ತೆರುತ್ತಾನೆ.

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಕೊಡುವ ಪತ್ರಿಕೆಯೊಂದು ಎಲ್ಲಾದರೂ ಇತ್ತೇ ಎಂದು ನಾನು ಹುಡುಕಿದ್ದು ಆಮೇಲೆ. ಇತ್ತು, ನ್ಯೂಯಾರ್ಕಿನಲ್ಲಿ. ಹೆಸರು 'ರಿಯಲ್ ಎಸ್ಟೇಟ್ ರೆಕಾರ್ಡ್ ಅಂಡ್ ಬಿಲ್ಡರ್ಸ್ ಗೈಡ್'. ಮೊದಲ ಸಂಚಿಕೆ 1868ರ ಮಾರ್ಚ್ 21ರದು. ವಾರಪತ್ರಿಕೆ. ಪ್ರಕಾಶಕ ಕ್ಲಿಂಟನ್ ಸ್ವೀಟ್. 1868ರಿಂದ 1922ರವರೆಗಿನ ಸಂಚಿಕೆಗಳನ್ನು ಕೊಲಂಬಿಯಾ ವಿಶ್ವವಿದ್ಯಾಲಯ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಬೇತಮಂಗಲದ ಮಹಡಿಯ ಮೇಲೆ, ಸಿಗ್ನಲ್ ಸಿಗುವ ಮೂಲೆಯಲ್ಲಿ ಕೂತು ನಾನು ಓದಿದ್ದು ಅವನ್ನೇ.

ಮೊದಲ ಸಲ ತೆರೆದಾಗ ನಿರಾಸೆಯಾಯಿತು. ಓದುವಂಥ ಬರಹ ಮುಂದಿನ ಕೆಲವು ಪುಟಗಳಲ್ಲಿ ಮಾತ್ರ. ಆಮೇಲೆ ಪುಟಗಟ್ಟಲೆ ಇರುವೆ ಸಾಲಿನಂಥ ಸಣ್ಣಕ್ಷರ. ಯಾವ ಬೀದಿ, ಯಾವ ಮೂಲೆಯಿಂದ ಎಷ್ಟು ಅಡಿ, ನಿವೇಶನದ ಉದ್ದಗಲ, ಮಾರಿದವರು, ಕೊಂಡವರು, ದಿನಾಂಕ, ಮೊತ್ತ. ಅದು ಮುಗಿದರೆ ಅಡಮಾನಗಳು: ಯಾರು ಯಾರಿಂದ ಎಷ್ಟು ಸಾಲ ತೆಗೆದರು, ಬಡ್ಡಿ ಎಷ್ಟು. ಆಮೇಲೆ ನ್ಯಾಯಾಲಯದ ಡಿಕ್ರಿಗಳು, ಕೂಲಿ ಅಥವಾ ಸಾಮಾನಿನ ಹಣ ಬಾರದೆ ಗಾರೆಯವರು, ಬಡಗಿಗಳು ಕಟ್ಟಡದ ಮೇಲೆ ಹೂಡಿದ ಹಕ್ಕಿನ ದಾವೆಗಳು. ಕೊನೆಗೆ ಕಟ್ಟಲು ಯೋಜನೆ ಸಲ್ಲಿಸಿದ ಮನೆಗಳ ಪಟ್ಟಿ: ಎಷ್ಟು ಅಂತಸ್ತು, ಇಟ್ಟಿಗೆಯದೋ ಕಲ್ಲಿನದೋ, ಅಂದಾಜು ವೆಚ್ಚ, ಮಾಲೀಕ, ವಾಸ್ತುಶಿಲ್ಪಿ. ನಮ್ಮ ಋಣಭಾರ ಪತ್ರ, ಪಹಣಿ, ಕೋರ್ಟು ನೋಟಿಸು, ಪಂಚಾಯತಿಯ ಲೈಸೆನ್ಸು ಎಲ್ಲವನ್ನೂ ಒಟ್ಟಿಗೆ ಸೇರಿಸಿ ಪ್ರತಿ ಶನಿವಾರ ಮನೆ ಬಾಗಿಲಿಗೆ ತಂದು ಹಾಕಿದಂತೆ. ಅಲ್ಲಿನ ಸೈಟು ಸಾಮಾನ್ಯವಾಗಿ 25 ಅಡಿ ಅಗಲ, ಸುಮಾರು 100 ಅಡಿ ಉದ್ದ. ನಮ್ಮ 30-40 ಹೇಗೆ ಬಾಯಲ್ಲಿ ಕೂತಿದೆಯೋ ಅಲ್ಲಿ ಹಾಗೆ ಅದು.

ಪತ್ರಿಕಾ ಚರಿತ್ರೆ ಬರೆಯುವವರು ಸಂಪಾದಕೀಯ ಬಳಗ ಅಂದರೆ ಅಗ್ರಲೇಖನ ಬರೆದವರನ್ನು ಎಣಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ರೆಕಾರ್ಡ್ ನೋಡಿದ ಮೇಲೆ ಅನುಮಾನ ಬಂತು. ಈ ಪತ್ರಿಕೆಯನ್ನು ಚಂದಾದಾರ ಕೊಳ್ಳುತ್ತಿದ್ದದ್ದು ನೋಂದಣಿ ಕಚೇರಿಯ ಪುಸ್ತಕಗಳಿಂದ ವಾರವಾರ ಇಳಿಸಿಕೊಂಡ ಆ ಸಾಲುಗಳಿಗಾಗಿ. ಬರೆದುಕೊಂಡ ಗುಮಾಸ್ತರ ಹೆಸರು ಎಲ್ಲೂ ಅಚ್ಚಾಗಿಲ್ಲ. ಇವತ್ತು ನ್ಯೂಯಾರ್ಕಿನ ಪಾರಂಪರಿಕ ಕಟ್ಟಡಗಳ ಆಯೋಗ ಒಂದು ಮನೆಯನ್ನು ಯಾರು ಯಾವಾಗ ಕಟ್ಟಿದರು ಎಂದು ವರದಿ ಬರೆಯುವಾಗ ಮತ್ತೆ ಮತ್ತೆ ಉಲ್ಲೇಖಿಸುವುದು ಆ ಸಾಲುಗಳನ್ನೇ.

ಆದರೂ ಹೆಸರಿದ್ದವರ ಕಥೆಯನ್ನೂ ಹೇಳಲೇಬೇಕು, ಅದು ಅಷ್ಟು ವಿಚಿತ್ರವಾಗಿದೆ.

ಡೇವಿಡ್ ಗುಡ್‌ಮನ್ ಕ್ರೋಲಿ ಐರ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಪತ್ರಕರ್ತ. 'ವರ್ಲ್ಡ್' ದಿನಪತ್ರಿಕೆಯ ಮ್ಯಾನೇಜಿಂಗ್ ಎಡಿಟರ್ ಆಗಿದ್ದ, ಆಮೇಲೆ 'ಡೈಲಿ ಗ್ರಾಫಿಕ್' ಸಂಪಾದಿಸಿದ, ರೆಕಾರ್ಡಿನ ಪುಟಗಳಲ್ಲಿ ವರ್ಷಗಟ್ಟಲೆ ಬರೆದ. ಜಮೀನಿನ ಮೊತ್ತವನ್ನು ಇದ್ದದ್ದು ಇದ್ದಂತೆ ಅಚ್ಚು ಹಾಕಿದ ಪತ್ರಿಕೆಯ ಈ ಲೇಖಕ ಅಮೆರಿಕದ ರಾಜಕೀಯ ಚರಿತ್ರೆಯಲ್ಲಿ ಹೆಸರಾಗಿರುವುದು ಒಂದು ದೊಡ್ಡ ಸುಳ್ಳಿಗೆ. 1863ರ ಕೊನೆಯಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗ, ಬಿಳಿಯರು ಮತ್ತು ಕರಿಯರ ನಡುವಿನ ಮದುವೆಯನ್ನು ಹೊಗಳುವ ಅನಾಮಧೇಯ ಕಿರುಹೊತ್ತಿಗೆಯೊಂದು ಹೊರಬಂತು. ಲಿಂಕನ್ ಪಕ್ಷದ ಅಭಿಮಾನಿಯೊಬ್ಬ ಬರೆದಂತೆ ಅದರ ಧಾಟಿ. ಬರೆದವರು ಕ್ರೋಲಿ ಮತ್ತು ಅವನ ಸಹೋದ್ಯೋಗಿ ಜಾರ್ಜ್ ವೇಕ್‌ಮನ್. ಉದ್ದೇಶ 1864ರ ಚುನಾವಣೆಯಲ್ಲಿ ಬಿಳಿಯ ಮತದಾರರನ್ನು ಲಿಂಕನ್ ವಿರುದ್ಧ ಕೆರಳಿಸುವುದು. ಜನಾಂಗ ಬೆರಕೆಗೆ ಇಂಗ್ಲಿಷಿನಲ್ಲಿ ಬಹುಕಾಲ ನಿಂತ 'ಮಿಸಿಜಿನೇಷನ್' ಎಂಬ ಪದವನ್ನು ಟಂಕಿಸಿದ್ದೇ ಆ ಹೊತ್ತಿಗೆ.

ಇಂಥವನು ಬರೆದ ಪತ್ರಿಕೆಯನ್ನು ನಂಬುವುದು ಹೇಗೆ? ನನಗೆ ತೋಚುವುದು ಇಷ್ಟು. ಆ ಪತ್ರಿಕೆಯನ್ನು ನಂಬಲು ಅವನ ಗುಣ ಒಳ್ಳೆಯದಿರಬೇಕಾಗಿರಲಿಲ್ಲ. ಪಟ್ಟಿಯಲ್ಲಿ ಒಂದು ಸಾಲು ತಪ್ಪಾದರೆ ಆ ಸಾಲಿನಲ್ಲಿ ಹೆಸರಿದ್ದ ಚಂದಾದಾರನೇ ಮಾರನೆಯ ದಿನ ಕಚೇರಿಗೆ ಬಂದು ನಿಲ್ಲುತ್ತಿದ್ದ. ರಾಜಕೀಯದ ಸುಳ್ಳಿಗೆ ಅಂಥ ಓದುಗ ಇರುವುದಿಲ್ಲ.

1888ರಲ್ಲಿ ಕ್ರೋಲಿ ರೆಕಾರ್ಡಿಗೆ ಬರೆದಿದ್ದ ಭವಿಷ್ಯದ ಸಂವಾದಗಳು ಪುಸ್ತಕವಾದವು. 'ಸರ್ ಒರಾಕಲ್' ಎಂಬ ಪಾತ್ರ ಮುಂದೆ ಜಗತ್ತು ಏನಾಗುತ್ತದೆ ಎಂದು ಹೇಳುತ್ತಾ ಹೋಗುತ್ತದೆ. ಈಗ ಓದಿ, 2000ನೇ ಇಸವಿಯಲ್ಲಿ ತೀರ್ಪು ಕೊಡಿ ಎಂಬರ್ಥದ ಮಾತು ಶೀರ್ಷಿಕೆಯ ಕೆಳಗೇ ಇದೆ. ಜಮೀನು ವ್ಯಾಪಾರದ ಪತ್ರಿಕೆಯಲ್ಲಿ ಜ್ಯೋತಿಷ್ಯಕ್ಕೇನು ಕೆಲಸ ಎನ್ನಬಹುದು. ನಮ್ಮೂರ ಬ್ರೋಕರನ ಮಾತು ಕೇಳಿದವರು ಹಾಗೆನ್ನುವುದಿಲ್ಲ. "ಇನ್ನೈದು ವರ್ಷಕ್ಕೆ ನೋಡಿ ಸಾರ್" ಎನ್ನದೆ ಯಾವ ಸೈಟೂ ಮಾರಾಟವಾಗುವುದಿಲ್ಲ. ವ್ಯತ್ಯಾಸ ಇಷ್ಟೇ: ರೆಕಾರ್ಡಿನಲ್ಲಿ ಭವಿಷ್ಯ ಒಂದು ಪುಟದಲ್ಲಿತ್ತು, ಹಿಂದಿನ ವಾರದ ಕ್ರಯ ಇನ್ನೊಂದು ಪುಟದಲ್ಲಿತ್ತು, ಎರಡನ್ನೂ ಹೋಲಿಸಿ ನೋಡಬಹುದಿತ್ತು. (2000 ಬಂದಾಗ ನಮ್ಮ ಕಡೆ ಯಾರೂ ಅವನ ಪುಸ್ತಕ ತೆರೆಯಲಿಲ್ಲ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು.)

ಅವನ ಹೆಂಡತಿ ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ಅವನಿಗಿಂತ ಹೆಚ್ಚು ಹೆಸರು ಮಾಡಿದ ಪತ್ರಕರ್ತೆ, 'ಜೆನ್ನಿ ಜೂನ್' ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದಳು. 1868ರಲ್ಲೇ, ಚಾರ್ಲ್ಸ್ ಡಿಕನ್ಸನ ಗೌರವಾರ್ಥ ಪತ್ರಕರ್ತರು ಏರ್ಪಡಿಸಿದ ಔತಣಕ್ಕೆ ಹೆಂಗಸರನ್ನು ಸೇರಿಸಲಿಲ್ಲವೆಂದು ಸಿಟ್ಟಾಗಿ 'ಸೊರೋಸಿಸ್' ಎಂಬ ಮಹಿಳಾ ಸಂಘ ಕಟ್ಟಿದಳು. ಮರುವರ್ಷದ ಜನವರಿಯಲ್ಲಿ ಈ ದಂಪತಿಗೆ ಹುಟ್ಟಿದ ಮಗ ಹರ್ಬರ್ಟ್.

ಹರ್ಬರ್ಟ್ ಕ್ರೋಲಿ ಹಾರ್ವರ್ಡ್‌ಗೆ ಸೇರುವುದು, ಬಿಡುವುದು, ಮತ್ತೆ ಸೇರುವುದು ಮಾಡುತ್ತಿದ್ದ. ಪದವಿ ಮುಗಿಸಲಾಗಲಿಲ್ಲ. (ಪಿಎಚ್‌ಡಿ ಮುಗಿಯದ ನನ್ನಂಥವರಿಗೆ ಸಮಾಧಾನ ಕೊಡುವ ವಿಷಯ.) 1889ರಲ್ಲಿ ತಂದೆ ತೀರಿಕೊಂಡ ಮೇಲೆ ಅವನು ಕೆಲಕಾಲ ದುಡಿದದ್ದು ರೆಕಾರ್ಡಿನಲ್ಲೇ. 1891ರಲ್ಲಿ ಸ್ವೀಟ್ ಅದೇ ಕಚೇರಿಯಿಂದ ವಾಸ್ತುಶಿಲ್ಪಕ್ಕೆಂದೇ 'ಆರ್ಕಿಟೆಕ್ಚರಲ್ ರೆಕಾರ್ಡ್' ಶುರುಮಾಡಿದ. ಸಂಪಾದಕ ಹ್ಯಾರಿ ಡೆಸ್ಮಂಡ್. ಸೈಟಿನ ಬೆಲೆ ಬರೆಯುವ ಮನೆಯಿಂದಲೇ ಕಟ್ಟಡದ ಅಂದ-ಚೆಂದ ಬರೆಯುವ ಪತ್ರಿಕೆ ಹುಟ್ಟಿತು. ಹುಟ್ಟಬೇಕಾದ ಕಡೆಯೇ ಹುಟ್ಟಿತು ಅನ್ನಿಸುತ್ತದೆ. ಹರ್ಬರ್ಟ್ 1900ರಿಂದ 1906ರವರೆಗೆ ಅದರ ಸಂಪಾದನೆಯಲ್ಲಿದ್ದ. 1903ರಲ್ಲಿ ಡೆಸ್ಮಂಡ್ ಜೊತೆ ಸೇರಿ ಅಮೆರಿಕದ ಭವ್ಯ ಬಂಗಲೆಗಳ ಬಗ್ಗೆ ಪುಸ್ತಕ ಬರೆದ. ಕಟ್ಟಡ ಸಾಮಗ್ರಿ ತಯಾರಕರ ಪಟ್ಟಿಗಳನ್ನು ಒಟ್ಟು ಮಾಡಿದ 'ಸ್ವೀಟ್ಸ್ ಕ್ಯಾಟಲಾಗ್' 1906ರಲ್ಲಿ ಬಂದದ್ದೂ ಇದೇ ಬಳಗದಿಂದ.

1909ರಲ್ಲಿ ಹರ್ಬರ್ಟ್ 'ದಿ ಪ್ರಾಮಿಸ್ ಆಫ್ ಅಮೆರಿಕನ್ ಲೈಫ್' ಬರೆದ. ಒಬ್ಬೊಬ್ಬನೂ ತನ್ನ ಪಾಡಿಗೆ ತನ್ನ ಲಾಭ ನೋಡಿಕೊಂಡರೆ ಎಲ್ಲರ ಒಳಿತು ತಾನಾಗಿ ಆಗುತ್ತದೆ ಎಂಬ ನಂಬಿಕೆಯ ಕಾಲ ಮುಗಿಯಿತು, ಸಮಾಜದ ಗುರಿಗೆ ಬಲವಾದ ರಾಷ್ಟ್ರೀಯ ಸರ್ಕಾರ ಬೇಕು ಎಂಬುದು ಅದರ ತಿರುಳು. ಥಿಯೊಡೋರ್ ರೂಸ್ವೆಲ್ಟ್ ಓದಿ ಮೆಚ್ಚಿದ. 1914ರ ನವೆಂಬರ್ 7ರಂದು ಹರ್ಬರ್ಟ್ 'ದಿ ನ್ಯೂ ರಿಪಬ್ಲಿಕ್' ವಾರಪತ್ರಿಕೆ ಆರಂಭಿಸಿದ. ವಾಲ್ಟರ್ ಲಿಪ್‌ಮನ್ ಮತ್ತು ವಾಲ್ಟರ್ ವೇಲ್ ಜೊತೆಗಿದ್ದರು. ನಮ್ಮ ನೆರೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಬೆಂಗಳೂರಿನಲ್ಲಿ 'ಕರ್ನಾಟಕ' ಪತ್ರಿಕೆ ಶುರುಮಾಡಿದ್ದು ಅದರ ಹಿಂದಿನ ವರ್ಷ, 1913ರಲ್ಲಿ. ಇಬ್ಬರಿಗೂ ಸಂಬಂಧವೇನಿಲ್ಲ, ಪತ್ರಿಕೆಯಿಂದ ಸಾರ್ವಜನಿಕ ಜೀವನವನ್ನು ತಿದ್ದಬಹುದು ಎಂದು ನಂಬಿದ ಒಂದೇ ಕಾಲದವರು, ಅಷ್ಟೆ.

ಹರ್ಬರ್ಟನ ಬಗ್ಗೆ ಬರೆದವರು ಅವನ ವಿಚಾರದ ಮೂಲವನ್ನು ತಂದೆ ನೆಚ್ಚಿದ್ದ ಫ್ರೆಂಚ್ ದಾರ್ಶನಿಕ ಆಗಸ್ಟ್ ಕೋಮ್ತನಲ್ಲಿ, ಹಾರ್ವರ್ಡಿನ ಗುರುಗಳಲ್ಲಿ ಹುಡುಕುತ್ತಾರೆ. ನನಗೆ ಆ ಇರುವೆ ಸಾಲುಗಳೂ ಕಾರಣ ಅನ್ನಿಸುತ್ತದೆ. ಒಂದು ನಗರ 25 ಅಡಿ 25 ಅಡಿಯಾಗಿ, ಪ್ರತಿಯೊಬ್ಬನ ಲೆಕ್ಕಾಚಾರದ ಪ್ರಕಾರ ಬೆಳೆದದ್ದನ್ನು ಆ ಕಚೇರಿಯಲ್ಲಿ ಕೂತು ನೋಡಿದವನಿಗೆ, ಇಡೀ ಊರಿನ ಬಗ್ಗೆ ಯೋಚಿಸುವವರು ಯಾರು ಎಂಬ ಪ್ರಶ್ನೆ ಬರದೆ ಇರುತ್ತದೆಯೇ? ನಮ್ಮ ಲೇಔಟುಗಳ ರಸ್ತೆ ಒಂದು ಹೊಲದ ಬದುವಿನಲ್ಲಿ ಸತ್ತು ನಿಲ್ಲುತ್ತದೆ. ಪಕ್ಕದ ಲೇಔಟಿನ ರಸ್ತೆ ಹತ್ತಡಿ ಆಚೆ ಹುಟ್ಟುತ್ತದೆ. ಮಳೆ ನೀರು ಕೆರೆಗೆ ಹೋಗುತ್ತಿದ್ದ ಕಾಲುವೆಯ ಮೇಲೆ ಸೈಟ್ ನಂಬರ್ ಬಿದ್ದಿರುತ್ತದೆ.

ರೆಕಾರ್ಡನ್ನು ದೇವರು ಮಾಡುವ ಆಸೆ ನನಗಿಲ್ಲ. ಅದು ಮಾಲೀಕರ ಪತ್ರಿಕೆ. ಮಾಲೀಕರು, ಕಟ್ಟುವವರು, ಸಾಲ ಕೊಡುವವರು ಅದನ್ನು ಸಾಕಿದರು, ಅವರ ಹಿತವನ್ನು ಅದು ಕಾಯ್ದಿತು. ಒಂದು ಬಾಡಿಗೆ ವಠಾರದ ಸಾಲಿನಲ್ಲಿ ಅಂತಸ್ತು, ಅಳತೆ, ವೆಚ್ಚ, ಮಾಲೀಕ ಎಲ್ಲ ಇರುತ್ತದೆ. ಅದರ ಗಾಳಿಯಿಲ್ಲದ ಕೋಣೆಗಳಲ್ಲಿ ಬದುಕಿದವರು ಇರುವುದಿಲ್ಲ. ಅವರನ್ನು ಕಾಣಬೇಕೆಂದರೆ 1890ರಲ್ಲಿ ಜೇಕಬ್ ರೀಸ್ ಬರೆದ 'ಹೌ ದಿ ಅದರ್ ಹಾಫ್ ಲಿವ್ಸ್' ತೆರೆಯಬೇಕು. ನಮ್ಮ ಕಡೆಯೂ ಹೀಗೇ ಆಗಿದೆ. ಊರಿಗಾಂ, ನಂದಿದುರ್ಗ, ಚಾಂಪಿಯನ್ ರೀಫ್, ಬಾಲಾಘಾಟ್ ಎಂಬ ಹೆಸರುಗಳು ಲಂಡನ್ನಿನ ಪತ್ರಿಕೆಗಳ ಷೇರು ಅಂಕಣದಲ್ಲಿ ಓಡಾಡುತ್ತಿದ್ದವು. ಯಾವ ಗಣಿಯಿಂದ ತಿಂಗಳಿಗೆ ಎಷ್ಟು ಔನ್ಸ್ ಚಿನ್ನ ಬಂತು ಎಂಬುದು ಅಲ್ಲಿನ ಷೇರುದಾರನಿಗೆ ಗೊತ್ತಿರುತ್ತಿತ್ತು. ಕೆಜಿಎಫ್‌ನ ಕೂಲಿ ಲೈನುಗಳ ಒಂಟಿ ಕೋಣೆಯ ಮನೆಗಳಲ್ಲಿ ಮೂರು ತಲೆಮಾರು ಕಳೆದವರ ಹೆಸರಿಗೆ ಯಾವ ಅಂಕಣವೂ ಇರಲಿಲ್ಲ. ಪಹಣಿ ಈ ವಿಷಯದಲ್ಲಿ ರೆಕಾರ್ಡಿಗಿಂತ ಉದಾರಿ: 9ನೇ ಕಾಲಂನಲ್ಲಿ ಮಾಲೀಕನಿದ್ದರೆ, 12ನೇ ಕಾಲಂನಲ್ಲಿ ಉಳುವವನಿಗೆ ಜಾಗವಿದೆ. ಅದನ್ನು ತುಂಬುತ್ತಾರೋ ಇಲ್ಲವೋ ಬೇರೆ ಮಾತು.

ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿತು. ಆರಂಭದ ವರ್ಷಗಳ ಪಟ್ಟಿಗಳಲ್ಲಿ ಮೊತ್ತದ ಜಾಗದಲ್ಲಿ ಸಾವಿರಗಳ ಲೆಕ್ಕ ತುಂಬಿದೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಿಗೆ ಬಂದರೆ ಅಲ್ಲಿ ಬೇರೆಯೇ ಬರಹ: 'ನಾಮ್'. ಅಂದರೆ ಹೆಸರಿಗೆ ಮಾತ್ರದ ಮೊತ್ತ. ಇಲ್ಲವೇ 'ಇತರ ಪ್ರತಿಫಲ ಮತ್ತು 100 ಡಾಲರ್' ಎಂಬುದರ ಹ್ರಸ್ವ ರೂಪ. ಕೊಂಡವರು, ಮಾರಿದವರು ಪತ್ರದಲ್ಲಿ ನಿಜವಾದ ಬೆಲೆ ಬರೆಸುವುದನ್ನು ಬಿಡುತ್ತಾ ಬಂದಿದ್ದರು. 1904ರ ಅಕ್ಟೋಬರಿನಲ್ಲಿ ಸುರಂಗ ರೈಲು ಓಡತೊಡಗಿ, ನಗರದ ಉತ್ತರ ತುದಿಯ ಬಯಲುಗಳ ಬೆಲೆ ಏರುತ್ತಿದ್ದ ಹೊತ್ತಿನಲ್ಲಿ, ಅಂದರೆ ಜನರಿಗೆ ನಿಜವಾದ ಮೊತ್ತ ಅತಿ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲಿ, ಸಾಲಿನ ಕೊನೆಗೆ 'ನಾಮ್' ನಿಂತಿತ್ತು. ಪತ್ರಿಕೆ ಏನು ಮಾಡಿತು? ಊಹೆ ಮಾಡಿ ಮೊತ್ತ ತುಂಬಲಿಲ್ಲ. ಆ ಸಾಲನ್ನು ಬಿಡಲೂ ಇಲ್ಲ. 'ನಾಮ್' ಎಂದೇ ಅಚ್ಚು ಹಾಕಿತು, ವಾರವಾರ, ನೂರಾರು ಸಲ. ಬೆಲೆ ಮುಚ್ಚಿಟ್ಟವರು ಯಾರು ಯಾರು ಎಂಬುದಾದರೂ ಹಾಗೆ ದಾಖಲಾಯಿತು. ಅಡಮಾನದ ಪಟ್ಟಿಯಲ್ಲಿ ಅದೇ ಆಸ್ತಿಯನ್ನು ಹುಡುಕಿದರೆ ಸಾಲದ ಮೊತ್ತದಿಂದ ಒಂದಿಷ್ಟು ಅಂದಾಜೂ ಸಿಗುತ್ತದೆ.

ನಮ್ಮಲ್ಲಿ ಇಂಥದೊಂದು ಪತ್ರಿಕೆ ಬಾರದಿರುವುದಕ್ಕೆ ಕಾನೂನು ಅಡ್ಡಿಯಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ದಸ್ತಾವೇಜುಗಳನ್ನು ನಕಲಿಸುವ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಕೇಳಬಹುದು. ನೂರು ವರ್ಷಕ್ಕೂ ಮೇಲಿನಿಂದ ಬಾಗಿಲು ತೆರೆದೇ ಇದೆ. ನಮ್ಮ ದಿನಪತ್ರಿಕೆಗಳು ಆಸ್ತಿ ಪುರವಣಿ ತರುತ್ತವೆ. ಅವುಗಳಲ್ಲಿ ಅಡುಗೆಮನೆಯ ಬಣ್ಣ ಇರುತ್ತದೆ, ಗೃಹಸಾಲದ ಬಡ್ಡಿ ಇರುತ್ತದೆ, ವಾಸ್ತು ಇರುತ್ತದೆ, ಯಾವ ಬಡಾವಣೆ 'ಹಾಟ್' ಎಂಬುದೂ ಇರುತ್ತದೆ. ಹೋದ ವಾರ ಯಾವ ಸರ್ವೆ ನಂಬರ್ ಎಷ್ಟಕ್ಕೆ ನೋಂದಣಿಯಾಯಿತು ಎಂಬುದು ಇರುವುದಿಲ್ಲ. ಆ ಪುರವಣಿಗಳನ್ನು ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಜಾಹೀರಾತು ಕೊಡುವವನಿಗೆ ಆ ಪಟ್ಟಿ ಬೇಡ, ಓದುಗ ಕೇಳಿಲ್ಲ. ರೆಕಾರ್ಡಿನ ಪುಟಗಳಲ್ಲೂ ಇಟ್ಟಿಗೆ, ಕಬ್ಬಿಣ, ಲಿಫ್ಟಿನ ಜಾಹೀರಾತುಗಳು ತುಂಬಿದ್ದವು. ಆದರೆ ಅದರ ಚಂದಾದಾರ ಪಟ್ಟಿಗಾಗಿಯೇ ದುಡ್ಡು ಕೊಡುತ್ತಿದ್ದ.

ನಾನು ಒಂದು ಪ್ರಯೋಗ ಮಾಡಿದೆ. ನೋಂದಣಿ ಕಚೇರಿಗೆ ಅರ್ಜಿ ಹಾಕಿ, ಎರಡು ಸಲ ತಿರುಗಿಸಿಕೊಂಡು, ಮೂರನೆಯ ಸಲ ಕೂತು ನಮ್ಮ ಸುತ್ತಿನ ಹನ್ನೊಂದು ಕ್ರಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ: ಸರ್ವೆ ನಂಬರ್, ವಿಸ್ತೀರ್ಣ, ಕೊಟ್ಟವರು, ಕೊಂಡವರು, ಮೊತ್ತ. ರೆಕಾರ್ಡಿನ ಮಾದರಿಯಲ್ಲೇ. ಕೈ ನೋಯುವ ಕೆಲಸ. ಹೆಸರಿಲ್ಲದ ಆ ಗುಮಾಸ್ತರ ನೆನಪಾಯಿತು.

ಮನೆಗೆ ಬಂದು ಚಿಕ್ಕಪ್ಪನಿಗೆ ತೋರಿಸಿದೆ. ಅವರ ಹೊಲ ಮಾರಾಟವಾಗಿ ಆಗಲೇ ತಿಂಗಳು ಕಳೆದಿತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು. "ಇದು ಸುಳ್ಳು. ಇದೂ ಸುಳ್ಳು. ಇದು ಅಣ್ಣತಮ್ಮಂದಿರ ಭಾಗದ್ದು, ದುಡ್ಡೇ ಓಡಾಡಿಲ್ಲ. ಇದು ಪರವಾಗಿಲ್ಲ, ಬ್ಯಾಂಕ್ ಲೋನ್ ತಗೊಂಡು ಕೊಂಡಿದ್ದು, ಸರಿಯಾಗಿ ಬರೆಸವ್ರೆ." ಪೆನ್ಸಿಲ್ ಕೇಳಿ ಐದು ಸಾಲುಗಳ ಪಕ್ಕ ತಮಗೆ ಗೊತ್ತಿದ್ದ ಮೊತ್ತ ಬರೆದರು. ಊರೆಲ್ಲ ಓಡಾಡಿದ ಆ ಮೂರು ವಾರದಲ್ಲಿ, ಆಮೇಲಿನ ಮಾತುಕತೆಗಳಲ್ಲಿ, ಅವರು ಇಷ್ಟನ್ನೂ ಸಂಗ್ರಹಿಸಿದ್ದರು. ಹತ್ತನೆಯ ಸಾಲು ಅವರದೇ. ಅಲ್ಲಿ ಏನೂ ಬರೆಯಲಿಲ್ಲ.

"ನಿಂದೂ ಬರಿ ಚಿಕ್ಕಪ್ಪ" ಅಂದೆ.

"ಅದ್ಯಾಕಪ್ಪ ಈಗ" ಎಂದು ನೋಟ್‌ಬುಕ್ ಮಡಚಿ ಕೊಟ್ಟರು.